ಎರಡು ಮಿಲಿಮೀಟರ್ ಗೆರೆಯ ಕೆಳಗಿನ ಖಾನಾವಳಿ

ಹೋದ ತಿಂಗಳು ರಾಣೇಬೆನ್ನೂರಿನಲ್ಲಿ ಒಂದು ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಕಿತ್ತು. ಬಸ್ ನಿಲ್ದಾಣಕ್ಕೆ ಹತ್ತಿರವೆಂದು ಒಂದು ಪ್ರಿಂಟಿಂಗ್ ಅಂಗಡಿಯೊಳಗೆ ಕಾಲಿಟ್ಟೆ. ಮೂಲೆಯಲ್ಲಿ ದೊಡ್ಡ ಯಂತ್ರವೊಂದು ಯಾರದೋ ಮದುವೆಯ ಬ್ಯಾನರನ್ನು ಇಂಚಿಂಚಾಗಿ ಹೊರಗೆ ತಳ್ಳುತ್ತಿತ್ತು. ಹಸಿ ಶಾಯಿಯ, ಬೆಚ್ಚಗಿನ ಕಾಗದದ ವಾಸನೆ ಮೂಗಿಗೆ ಬಡಿಯಿತು. ನನಗೆ ಗೊತ್ತಿಲ್ಲದೆಯೇ ಹಲ್ಲು ಕಚ್ಚಿಕೊಂಡಿದ್ದೆ. ಆ ವಾಸನೆಯಿಂದ ಬೇರೆಯವರಿಗೆ ಶಾಲೆಯ ಹೊಸ ಪುಸ್ತಕ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕೆಂಪು ಗೆರೆ. ಅದು ಎಷ್ಟು ದಪ್ಪ ಇರಬೇಕು ಎಂಬುದರ ಮೇಲೆ ನಾನು ಒಂದು ಇಡೀ ಮೆಣಸಿನಕಾಯಿ ಸುಗ್ಗಿ ಜಗಳವಾಡಿದ್ದೇನೆ. ಸ್ವಭಾವತಃ ಜಗಳವಾಡುವವಳಲ್ಲ ನಾನು. ನಾಲ್ಕು ಮಾತಿನಲ್ಲಿ ಮುಗಿಯುವುದಕ್ಕೆ ಐದನೆಯದನ್ನು ಆಡುವುದಿಲ್ಲ. ಆ ವರ್ಷ ಮಾತ್ರ ಬಾಯಿ ಒಣಗುವಷ್ಟು ಮಾತಾಡಿದೆ.

ಧಾರವಾಡದಲ್ಲಿ ಭೂಗೋಳದ ಎಂ.ಎಸ್ಸಿ. ಮುಗಿಸಿ, ಹಾವೇರಿಯಲ್ಲಿ ನಕ್ಷೆ ತಯಾರಿಸುವ ಒಂದು ಸಣ್ಣ ಖಾಸಗಿ ಕಚೇರಿಗೆ ಸೇರಿದ್ದೆ. ಮಾಲೀಕರು ಪಾಟೀಲ ಸರ್. ಒಂದು ಕಾಲಕ್ಕೆ ಸರಪಳಿ ಎಳೆದು ಹೊಲ ಅಳೆದವರು. ಕಂಪ್ಯೂಟರಿನ ಮೇಲೆ ಅವರಿಗೆ ಅಪಾರ ಗೌರವ, ಅದು ಹೇಳಿದ್ದರ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ನಮಗೆ ಬಂದಿದ್ದ ಕೆಲಸ ಇಷ್ಟು: ಮೋಟೆಬೆನ್ನೂರಿನ ಅಂಚಿನಲ್ಲಿ ಒಂದು ಅಡ್ಡರಸ್ತೆ. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿ ಲಾರಿಗಳು ಊರೊಳಗೆ ಸಿಕ್ಕಿಕೊಳ್ಳದೆ ಆ ದಾರಿ ಹಿಡಿಯಲೆಂದು ಅದನ್ನು ಅಗಲ ಮಾಡುವ ಯೋಜನೆ ಇತ್ತು. ರಸ್ತೆ ಎಲ್ಲಿಯವರೆಗೆ ಬರುತ್ತದೆಂದು ತೋರಿಸುವ ನಕ್ಷೆ ನಾವು ಮಾಡಿಕೊಡಬೇಕು. ಅದನ್ನು ಪಂಚಾಯಿತಿಯಲ್ಲಿ ಅಂಟಿಸುತ್ತಾರೆ, ಜನ ನೋಡಿ ತಕರಾರಿದ್ದರೆ ಸಭೆಯಲ್ಲಿ ಹೇಳುತ್ತಾರೆ.

ಅಳತೆಗೆ ಹೋದ ದಿನಗಳಲ್ಲಿ ನಾನು ಊಟ ಮಾಡುತ್ತಿದ್ದದ್ದು ಆ ರಸ್ತೆಯ ಪಕ್ಕದ ನೀಲವ್ವನ ಖಾನಾವಳಿಯಲ್ಲಿ. ಮುಂದೆ ಉಂಡವರು ಕೂತು ಹರಟುವ ಕಲ್ಲಿನ ಕಟ್ಟೆ, ಒಳಗೆ ಒಂದೇ ಕೋಣೆ, ಅದರ ಹಿಂದಿನ ಗೋಡೆಗೆ ಒಲೆ. ಲಾರಿಯವರು, ಹಮಾಲರು, ಪೇಟೆಗೆ ಮಾಲು ತಂದ ರೈತರು, ಎಲ್ಲರೂ ಅಲ್ಲಿಯೇ. ನೀಲವ್ವ ರೊಟ್ಟಿ ಬಡಿಯುತ್ತಲೇ ಹೊರಗಿನವರ ಜೊತೆ ಮಾತಾಡುತ್ತಿದ್ದಳು. ನಾನು ಮಾತಾಡದೆ ಉಂಡು ಏಳುವುದು ಅವಳಿಗೆ ಸೋಜಿಗ.

"ಏನ್ ಮೇಡಮ್ಮಾರ, ಎಣಗಾಯಿ ರುಚಿ ಹತ್ತಿಲ್ಲೇನ್ರಿ?"

"ಛಲೋ ಐತ್ರಿ."

"ಛಲೋ ಇದ್ರ ಮಾರಿ ಯಾಕ ಹಂಗ? ಅಳತಿ ಕೆಲಸದಾಗ ಮಾತಿಗೂ ಅಳತಿ ಇರ್ತೈತೇನು?"

ಕಟ್ಟೆಯ ಮೇಲಿದ್ದ ಲಾರಿ ಚಾಲಕರು ನಕ್ಕರು. ನನಗೂ ನಗು ಬಂತು.

ನಕ್ಷೆ ತಯಾರಾಯಿತು. ಹೊಸ ರಸ್ತೆಯ ಅಂಚನ್ನು ಕೆಂಪು ಗೆರೆಯಲ್ಲಿ ತೋರಿಸಿದ್ದೆ. ಅದರ ದಪ್ಪ ಕಾಲು ಮಿಲಿಮೀಟರ್. ನಾನು ಕಲಿತ ಲೆಕ್ಕದಂತೆ ಅದು ಸರಿಯಾದ ಗೆರೆ. ಪಾಟೀಲ ಸರ್ ಅದನ್ನು ರಸ್ತೆ ಇಲಾಖೆಯ ದೊಡ್ಡ ಸಾಹೇಬರ ಬಳಿಗೆ ಒಯ್ದರು. ಸಾಹೇಬರು ಕುರ್ಚಿಯಿಂದ ಏಳಲಿಲ್ಲ. ಎದುರಿನ ಗೋಡೆಗೆ ಹಿಡಿಸಿ, ಕುಳಿತಲ್ಲಿಂದಲೇ ನೋಡಿ, "ರಸ್ತೆ ಎಲ್ಲೈತ್ರಿ ಪಾಟೀಲರ?" ಎಂದರಂತೆ. ಅಲ್ಲಿಂದ ಶುರುವಾಯಿತು.

"ಗೆರಿ ದಪ್ಪ ಮಾಡವಾ" ಎಂದರು ಪಾಟೀಲ ಸರ್, ಬಂದವರೇ ಟೋಪಿ ತೆಗೆಯುವ ಮೊದಲು.

"ದಪ್ಪ ಮಾಡಿದ್ರ ಅದರ ಕೆಳಗಿನ ಮನಿ ಮುಚ್ಚಿಹೋಗ್ತಾವ್ರಿ ಸರ್."

"ಮುಚ್ಚಿದ್ರ ಏನಾತು? ಕಾಗದದಾಗ ಮುಚ್ಚಿದ್ರ ಮನಿ ಬೀಳ್ತಾವೇನು?"

ಈ ಮಾತಿಗೆ ಉತ್ತರ ಕೊಡಲು ನನಗೆ ಒಂದು ತಿಂಗಳು ಬೇಕಾಯಿತು.

ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗದು. ನಕ್ಷೆಯ ತಂತ್ರಾಂಶದಲ್ಲಿ ಗೆರೆಯ ದಪ್ಪವನ್ನು ಮೂರು ರೀತಿಯಲ್ಲಿ ಹೇಳಬಹುದು. ಪರದೆಯ ಚುಕ್ಕಿಗಳಲ್ಲಿ ಹೇಳಿದರೆ ಗೆರೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಮುದ್ರಿಸಿದಾಗ ಕೂದಲಾಗುತ್ತದೆ. ಮಿಲಿಮೀಟರಿನಲ್ಲಿ ಹೇಳಿದರೆ ಕಾಗದದ ಮೇಲೆ ಅಷ್ಟೇ ಇರುತ್ತದೆ. ಆದರೆ ನಕ್ಷೆಯ ಪ್ರಮಾಣ ಬದಲಾದಾಗ ಅದರ ಕೆಳಗಿನ ನೆಲ ಹಿಗ್ಗುತ್ತದೆ, ಕುಗ್ಗುತ್ತದೆ. ಮೂರನೆಯದು ನೆಲದ ಅಳತೆ. ಗೆರೆ ಭೂಮಿಯ ಮೇಲೆ ಒಂದು ಗೇಣು ಎಂದರೆ, ನಕ್ಷೆಯನ್ನು ಎಷ್ಟೇ ಹಿಗ್ಗಿಸಿ, ಅದು ಒಂದು ಗೇಣು ನೆಲವನ್ನಷ್ಟೇ ಮುಚ್ಚುತ್ತದೆ. ನಮ್ಮ ನಕ್ಷೆ ಇದ್ದದ್ದು ಒಂದಕ್ಕೆ ಐದು ಸಾವಿರದ ಪ್ರಮಾಣದಲ್ಲಿ. ಅದರ ಮೇಲೆ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಐದು ಮೀಟರ್.

ನಾನು ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪಾಟೀಲ ಸರ್ ನನ್ನ ಕುರ್ಚಿಯಲ್ಲಿ ಕೂತು ಗೆರೆಗೆ ಎರಡು ಮಿಲಿಮೀಟರ್ ಕೊಟ್ಟಿದ್ದರು. ಮುದ್ರಣಕ್ಕೂ ಕಳಿಸಿದ್ದರು. "ಈಗ ನೋಡು, ಬಾಗಲದಿಂದ ಕಾಣ್ತೈತಿ" ಎಂದು ನನ್ನನ್ನು ಬಾಗಿಲವರೆಗೆ ಕರೆದೊಯ್ದು ನಿಲ್ಲಿಸಿ ತೋರಿಸಿದರು. ಕಾಣುತ್ತಿತ್ತು. ಹತ್ತು ಮೀಟರ್ ಅಗಲದ ಕೆಂಪು ಪಟ್ಟಿ ಒಂದು ಸಾಲಿನ ಮನೆಗಳನ್ನು ನುಂಗಿ ಮಲಗಿತ್ತು. ಸಾಹೇಬರು ಕುಳಿತಲ್ಲಿಂದಲೇ ಒಪ್ಪಿದರು. ನಕ್ಷೆ ಪಂಚಾಯಿತಿಯ ಗೋಡೆ ಸೇರಿತು.

ಆಗ ಬ್ಯಾಡಗಿಯಲ್ಲಿ ಸುಗ್ಗಿ ಏರಿತ್ತು. ಪೇಟೆಯ ದಿನ ಹೆದ್ದಾರಿಯುದ್ದಕ್ಕೂ ಚೀಲ ಹೇರಿದ ಗಾಡಿಗಳು. ಬಸ್ಸಿನ ಕಿಟಕಿ ಮುಚ್ಚಿದರೂ ಘಾಟು ಒಳಗೆ ಬಂದು, ಒಬ್ಬರು ಕೆಮ್ಮಿದರೆ ಬಸ್ಸಿಗೆ ಬಸ್ಸೇ ಕೆಮ್ಮುತ್ತಿತ್ತು. ಬೇಸಿಗೆಯ ಬಿಸಿಲು ಇನ್ನೂ ಎಳೆಯದಾಗಿತ್ತು. ನಾನು ಬೇರೊಂದು ಕೆಲಸಕ್ಕೆ ಹಲಗೇರಿಗೆ ಹೋಗಿ, ಮರಳುವಾಗ ಊಟಕ್ಕೆಂದು ಮೋಟೆಬೆನ್ನೂರಿನಲ್ಲಿ ಇಳಿದೆ. ಖಾನಾವಳಿಯಲ್ಲಿ ಅಂದು ಯಾರೂ ಹಾಸ್ಯ ಮಾಡಲಿಲ್ಲ. ನೀಲವ್ವ ತಟ್ಟೆ ಇಡುವ ಬದಲು ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಒಲೆಯ ಹಿಂದಿನ ಗೋಡೆಯ ಮೇಲೆ, ಮಸಿಯ ನಡುವೆ, ಕೆಂಪು ಬಣ್ಣದಲ್ಲಿ ಒಂದು ಬಾಣದ ಗುರುತು.

"ಇಲ್ಲಿ ತನಕ ಹೋಗ್ತೈತಂತ. ಒಲಿ ಸಹಿತ" ಎಂದಳು. "ನೀವ ಅಳದೀರಿ. ನನ್ನ ಕೈ ಊಟ ಉಂಡು ಅಳದೀರಿ. ಒಂದ ಮಾತ ಹೇಳಬಾರದಿತ್ತಾ?"

ನನ್ನ ಅಳತೆಯಲ್ಲಿ ರಸ್ತೆ ಆ ಗೋಡೆಯ ಹತ್ತಿರವೂ ಬಂದಿರಲಿಲ್ಲ.

"ಯಾರು ಹಾಕಿದ್ರು ಇದನ್ನ?"

"ಬಸಣ್ಣ."

ಬಸಣ್ಣ ಎಂದರೆ ರಸ್ತೆ ಗುತ್ತಿಗೆದಾರನ ಕಡೆಯ ಮನುಷ್ಯ. ಬಣ್ಣದ ಡಬ್ಬಿ, ಕುಂಚ ಹಿಡಿದು ಮನೆಗಳಿಗೆ ಗುರುತು ಹಾಕುವವನು. ಅವನು ಹತ್ತಿರದಲ್ಲೇ ಚಹಾ ಕುಡಿಯುತ್ತಿದ್ದ. ಹೋಗಿ ಕೇಳಿದೆ. ಅವನು ಬೇಸರವಿಲ್ಲದೆ ವಿವರಿಸಿದ. ಪಂಚಾಯಿತಿಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು, ರಸ್ತೆಯ ನಡುವಿನಿಂದ ಕೆಂಪು ಗೆರೆಯವರೆಗೆ ಅಳೆದಿದ್ದಾನೆ. ಐದು ಸಾವಿರದಿಂದ ಗುಣಿಸಿದ್ದಾನೆ. ಲೆಕ್ಕ ತಪ್ಪಿಲ್ಲ.

"ಗೆರಿ ಯಾವ ಬದಿಗೆ ಅಳದ್ರಿ? ಈಚಿಗೊ, ಆಚಿಗೊ?"

"ಆಚಿಗ್ರಿ. ಮನಿ ಕಡೆ."

"ಯಾಕ? ಗೆರಿ ನಡುವು ಹಿಡಿಬೇಕಲ್ರಿ."

ಬಸಣ್ಣ ನನ್ನನ್ನು ಕನಿಕರದಿಂದ ನೋಡಿದ. "ಏನ್ ಕೇಳ್ತೀರಿ ಮೇಡಂ? ಅಣ್ತಮ್ಮಾರ ಹಿಸೆ ಆಗುವಾಗ ಜಾಗಕ್ಕ ದಾರ ಹಿಡಿತಾರಲ್ಲ, ಆ ದಾರದ ದಪ್ಪ ಯಾರ ಕಡೆ ಅಂತ ಮೊದಲ ಮಾತಾಗ್ತೈತಿ. ಮಾತಾಗದಿದ್ರ ಹಿರಿಯಾಂವನ ಕಡೆ. ಇಲ್ಲಿ ಹಿರಿಯಾಂವ ಯಾರು? ಸರಕಾರ. ಸರಕಾರದ ಗೆರಿ ಅಂದಮ್ಯಾಲೆ ಅದರ ದಪ್ಪ ಪೂರಾ ಸರಕಾರದ್ದ."

ಸುತ್ತ ನಿಂತವರು ತಲೆಯಾಡಿಸಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವರವರ ಮನೆ ಪಾಲಾದದ್ದು ಹಾಗೆಯೇ. ನಕ್ಷೆಯ ಗೆರೆಗೆ ಅಗಲವೇ ಇಲ್ಲ, ಕಣ್ಣಿಗೆ ಕಾಣಲೆಂದು ಅದಕ್ಕೆ ದಪ್ಪ ಕೊಡುತ್ತೇವೆ ಅಷ್ಟೆ ಎಂದು ಹೇಳಿದೆ. "ಅಗಲ ಇಲ್ಲದ್ದು ಹೆಂಗ ಕಾಣ್ತೈತ್ರಿ?" ಎಂದು ಒಬ್ಬ ಮುದುಕ ಕೇಳಿದ.

ನೀಲವ್ವನ ಕಷ್ಟ ಅಷ್ಟಕ್ಕೇ ನಿಲ್ಲುವಂಥದಾಗಿರಲಿಲ್ಲ. ಬ್ಯಾಡಗಿಯ ಮಾರುಕಟ್ಟೆಯ ಹಿಂದೆ ಒಂದು ಸಣ್ಣ ಮಳಿಗೆ ಖಾಲಿ ಇತ್ತು. ಬರುವ ಗುರುವಾರದ ಪೇಟೆಯೊಳಗೆ ಹೂಂ ಎನ್ನಬೇಕು, ಇಲ್ಲವಾದರೆ ಬೇರೆಯವರಿಗೆ ಎಂದು ಅದರ ಒಡೆಯ ಹೇಳಿದ್ದ. ಸಭೆ ಇದ್ದದ್ದು ಅದರ ನಂತರ. ಅವಳು ಹೂಂ ಎಂದು ಹೋದರೆ ಇಪ್ಪತ್ತು ವರ್ಷ ಕೂಡಿಸಿದ ಲಾರಿಯವರ ಊಟ ಮರುದಿನವೇ ಪಕ್ಕದವರ ಪಾಲು. ಹೋಗದೆ ಕೂತು, ಒಲೆ ನಿಜವಾಗಿಯೂ ಹೋದರೆ, ಎರಡೂ ಇಲ್ಲ.

"ನನಗ ನಿಮ್ಮ ಮಿಲಿಮೀಟ್ರು ಬ್ಯಾಡ ತಂಗಿ" ಎಂದಳು. ಅಂದೇ ಮೊದಲು ಮೇಡಂ ಬಿಟ್ಟು ತಂಗಿ ಎಂದದ್ದು. "ನನ್ನ ಒಲಿ ಗೆರಿ ಒಳಗೈತೊ, ಹೊರಗೈತೊ? ಅಷ್ಟ ಹೇಳು."

"ಹೊರಗ ಐತಿ."

"ಬಾಯಿಲೆ ಹೇಳಿದ್ರ ಹೆಂಗ? ಅಲ್ಲಿ ಗ್ವಾಡಿ ಮ್ಯಾಲೆ ಹಚ್ಯಾರ. ನಿನ್ನ ಮಾತ ನಂಬಿ ಕುಂತು, ನಾಳೆ ಆ ಹಾಳೀನ ಖರೇ ಅಂದ್ರ?"

ಅವಳು ಹೇಳಿದ್ದು ಸರಿ. ಬಾಯಿಂದ ಹೇಳಿದ್ದಕ್ಕೆ ಬೆಲೆಯಿಲ್ಲ. ಗೋಡೆಯ ಮೇಲೆ ಬೇರೆ ಹಾಳೆ ಬರಬೇಕು, ಅದೂ ಗುರುವಾರದೊಳಗೆ.

ಹಾವೇರಿಗೆ ಬಂದು ಪಾಟೀಲ ಸರ್‌ಗೆ ಎಲ್ಲ ಹೇಳಿದೆ. ಅವರು ಚಹಾ ತರಿಸಿದರು, ನಿಟ್ಟುಸಿರು ಬಿಟ್ಟರು, "ಸಭಾದಾಗ ಹೇಳಿದ್ರಾತು ಬಿಡು" ಎಂದರು. ಮರುದಿನ ಮತ್ತೆ ಹೇಳಿದೆ. "ಸಾಹೇಬ್ರು ಒಪ್ಪಿದ ಗೆರಿ ಮುಟ್ಟಾಕ ನಾ ಯಾರು?" ಎಂದರು. ಮೂರನೆಯ ಸಲ ಹೇಳಲಿಲ್ಲ. ಹಾವೇರಿಯಲ್ಲಿ ನಮ್ಮ ಕಚೇರಿ ಇದ್ದ ಬೀದಿಯ ನಕ್ಷೆ ತೆಗೆದೆ. ಬೀದಿಯ ಅಂಚಿಗೆ ಅದೇ ಕೆಂಪು, ಅದೇ ಎರಡು ಮಿಲಿಮೀಟರ್, ಅದೇ ಪ್ರಮಾಣದಲ್ಲಿ ಒಂದು ಗೆರೆ ಎಳೆದು, ಮುದ್ರಿಸಿ, ಅವರ ಮೇಜಿನ ಮೇಲಿಟ್ಟು ನನ್ನ ಜಾಗಕ್ಕೆ ಹೋಗಿ ಕುಳಿತೆ.

ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆಮೇಲೆ, "ಏ! ನಮ್ಮ ಆಫೀಸ ಎಲ್ಲಿ ಹೋತು?"

"ಗೆರಿ ಕೆಳಗ ಐತ್ರಿ."

"ನನ್ನ ಗಾಡಿ ನಿಲ್ಸೂ ಜಾಗ?"

"ಅದೂ."

ಅವರು ಕನ್ನಡಕ ತೆಗೆದು ಹಾಳೆಯನ್ನು ಕಣ್ಣಿಗೆ ಹಿಡಿದು ನೋಡಿದರು. ಗೆರೆಯನ್ನು ಉಗುರಿನಿಂದ ಕೆರೆದರು. ಕೆಳಗೆ ಕಚೇರಿ ಸಿಗಲಿಲ್ಲ. "ಕಾಗದದಾಗ ಮುಚ್ಚಿದ್ರ ಮನಿ ಬೀಳ್ತಾವೇನು" ಎಂದಿದ್ದ ಮಾತು ಅವರಿಗೂ ನೆನಪಾಗಿರಬೇಕು. ನನ್ನ ಕಡೆ ನೋಡದೆ ಫೋನ್ ತೆಗೆದುಕೊಂಡು ಹೊರಗೆ ಹೋದರು. ಸಾಹೇಬರಿಗೆ ಏನು ಹೇಳಿದರೋ ಗೊತ್ತಿಲ್ಲ. ಒಳಗೆ ಬಂದು, "ಊರಿನಷ್ಟು ಭಾಗ ಬ್ಯಾರೆ ದೊಡ್ಡದಾಗಿ ಮಾಡು. ಲಗೂ ಮಾಡು. ಮತ್ತ ನನ್ನ ಕಣ್ಣಿಗೆ ಕಾಣೂ ಹಂಗ ಮಾಡು" ಎಂದರು.

ಊರಿನ ಭಾಗವನ್ನಷ್ಟೇ ಒಂದಕ್ಕೆ ಒಂದು ಸಾವಿರದ ಪ್ರಮಾಣದಲ್ಲಿ ಮಾಡಿದೆ. ರಸ್ತೆ ಬರುವ ನೆಲಕ್ಕೆ ತಿಳಿ ಗುಲಾಬಿ ಬಣ್ಣ ತುಂಬಿದೆ, ಕೆಳಗಿನ ಗೋಡೆಗಳು ಕಾಣುವ ಹಾಗೆ. ಅಂಚಿನ ಗೆರೆಗೆ ನೆಲದ ಅಳತೆ ಕೊಟ್ಟೆ: ಒಂದು ಗೇಣು. ಆ ಗೇಣೂ ರಸ್ತೆಯ ಕಡೆಗೇ ಬೀಳುವಂತೆ, ಅಂಚಿನ ಒಳಮಗ್ಗುಲಿಗೆ ಸರಿಸಿದೆ. ಇನ್ನು ಬಸಣ್ಣ ಯಾವ ಬದಿಗೆ ಅಳೆದರೂ ಮನೆಯವರ ಒಂದು ಹಿಡಿ ಮಣ್ಣೂ ಹೋಗುವ ಹಾಗಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಹತ್ತು ಸೆಂಟಿಮೀಟರಿನ ಒಂದು ಪಟ್ಟಿ ಬರೆದು, "ಇದನ್ನು ಅಳೆದು ನೋಡಿ, ಹತ್ತು ಇಲ್ಲದಿದ್ದರೆ ನಕ್ಷೆಯನ್ನು ನಂಬಬೇಡಿ" ಎಂದು ಬರೆದೆ. ಪಾಟೀಲ ಸರ್‌ಗೆ ಆ ಕೊನೆಯ ಮಾತು ಹಿಡಿಸಲಿಲ್ಲ, ಆದರೆ ಬಿಟ್ಟುಕೊಟ್ಟರು.

ಬುಧವಾರ ಬೆಳಿಗ್ಗೆ ರಾಣೇಬೆನ್ನೂರಿಗೆ ಹೋದೆ. ನಮ್ಮ ದೊಡ್ಡ ಹಾಳೆಗಳನ್ನು ಮುದ್ರಿಸುತ್ತಿದ್ದದ್ದು ಅಲ್ಲಿಯ ಶಂಭಣ್ಣನ ಅಂಗಡಿಯಲ್ಲಿ. ಸಿಡುಕಿಲ್ಲದ ಮನುಷ್ಯ, ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಮೊದಲ ಹಾಳೆ ಬಂತು. ನಾನು ಮೂಲೆಯ ಪಟ್ಟಿಯನ್ನು ಅಳೆದೆ. ಹತ್ತು ಸೆಂಟಿಮೀಟರ್ ಇರಬೇಕಾದದ್ದು ಹನ್ನೊಂದು ದಾಟಿತ್ತು.

"ಹಿಗ್ಗಿಸೀರಿ ಶಂಭಣ್ಣಾರ."

"ಹಾಳಿ ತುಂಬ ಬರ್ಲಿ ಅಂತ್ರಿ. ಸುತ್ತ ಖಾಲಿ ಬಿಟ್ರ ಗಿರಾಕಿ ಬೈತಾರ, ಕಾಗದ ದಂಡ ಮಾಡ್ಯಾನ ಅಂತ."

"ನಾ ಬೈಯೂದಿಲ್ರಿ. ಇದ್ದಷ್ಟ ಅಳತಿಗೆ ತೆಗೀರಿ."

ಎರಡನೆಯದು ಬಂತು. ಅಳತೆ ಸರಿ. ಗೆರೆಗಳು ಮಾತ್ರ ಎಲ್ಲವೂ ಉಬ್ಬಿದ್ದವು. ಮನೆಗಳ ಗೋಡೆಗಳು ಒಂದಕ್ಕೊಂದು ತಾಗಿ, ಇಡೀ ಊರು ಒಂದೇ ಮನೆಯಂತೆ ಕಾಣುತ್ತಿತ್ತು. ಹಾಳೆಯನ್ನೂ ಪರದೆಯನ್ನೂ ನೋಡಿದೆ, ಏನೆಂದು ತಿಳಿಯಲಿಲ್ಲ. ನನ್ನದೇ ತಪ್ಪೇನೋ ಎಂದು ಲ್ಯಾಪ್‌ಟಾಪ್ ತೆರೆದು ಮತ್ತೆ ಎಲ್ಲ ನೋಡಿದೆ. ಕೊನೆಗೆ ಅವನ ಕಂಪ್ಯೂಟರಿನ ಮುಂದೆ ನಾನೇ ಕೂತೆ. ಫೈಲು ತೆರೆಯುವ ತಂತ್ರಾಂಶದಲ್ಲಿ, ತೆಳು ಗೆರೆಗಳನ್ನು ಎದ್ದು ಕಾಣುವಂತೆ ಮಾಡು ಎಂಬ ಒಂದು ಆಯ್ಕೆ ಇತ್ತು. ಅದಕ್ಕೆ ಟಿಕ್ ಬಿದ್ದಿತ್ತು.

"ಇದನ್ನ ಯಾರು ಹಾಕಿದ್ರು?"

"ಮೊದಲಿಂದ ಐತ್ರಿ. ಅದು ಛಲೋದಕ್ಕ ಇರ್ಬೇಕು ಅಂತ ಬಿಟ್ಟೀನಿ."

ಛಲೋದಕ್ಕೆ. ಆ ತಿಂಗಳು ನನ್ನನ್ನು ಸತಾಯಿಸಿದ್ದೆಲ್ಲ ಛಲೋದಕ್ಕೇ ಆದದ್ದು. ಸಾಹೇಬರಿಗೆ ಕಾಣಲಿ ಎಂದು ಪಾಟೀಲ ಸರ್ ದಪ್ಪ ಮಾಡಿದ್ದರು, ಗಿರಾಕಿಗೆ ನಷ್ಟವಾಗದಿರಲಿ ಎಂದು ಶಂಭಣ್ಣ ಹಿಗ್ಗಿಸಿದ್ದ, ಮನುಷ್ಯರ ಕಣ್ಣಿಗೆ ತ್ರಾಸಾಗದಿರಲಿ ಎಂದು ಯಂತ್ರ ಉಬ್ಬಿಸಿತ್ತು. ಯಾರನ್ನು ಬೈಯಬೇಕೆಂದು ತಿಳಿಯದೆ ಟಿಕ್ ತೆಗೆದೆ.

"ಮೇಡಂ, ಸಿಟ್ಟಾಗಬ್ಯಾಡ್ರಿ" ಎಂದ ಶಂಭಣ್ಣ, "ಇಷ್ಟ ಸಣ್ಣ ಗೆರಿಗೆ ಇಷ್ಟ ಜಗಳ ಮಾಡಿದವ್ರನ್ನ ನಾ ನೋಡಿಲ್ಲ. ಮದುವಿ ಮನ್ಯಾವ್ರು ವರನ ಹೆಸರ ತಪ್ಪಾದ್ರೂ ಸುಮ್ನ ಒಯ್ದಾರ."

ಮೂರನೆಯ ಹಾಳೆಯಲ್ಲಿ ಹತ್ತು ಎಂದರೆ ಹತ್ತು. ಗೆರೆ ಕಾಲು ಮಿಲಿಮೀಟರ್. ಸುರುಳಿ ಸುತ್ತಿ, ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದಂತೆ ಮಡಿಲಲ್ಲಿ ನೆಟ್ಟಗೆ ಹಿಡಿದು ಮೋಟೆಬೆನ್ನೂರಿಗೆ ಬಂದೆ. ಪಾಟೀಲ ಸರ್ ಅಲ್ಲಿಗೆ ಬಂದಿದ್ದರು. ಪಂಚಾಯಿತಿಯಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದೆವು. ಬಸಣ್ಣ ಮೊದಲು ಮೂಲೆಯ ಪಟ್ಟಿಯನ್ನು ಅಳೆದ, ಆಮೇಲೆ ರಸ್ತೆಯನ್ನು. ಎರಡು ಸಲ ಅಳೆದು ಡಬ್ಬಿ ತೆಗೆದುಕೊಂಡು ಹೊರಟ. ನಾವು ಅವನ ಹಿಂದೆ ಹೋದೆವು.

ಖಾನಾವಳಿಯಲ್ಲಿ ಮಧ್ಯಾಹ್ನದ ಊಟ ಇನ್ನೂ ಮುಗಿದಿರಲಿಲ್ಲ. ಕಟ್ಟೆಯ ಮೇಲೆ ನಾಲ್ಕೈದು ಜನ ತಟ್ಟೆ ಹಿಡಿದು ಕೂತಿದ್ದರು. ನೀಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಾನೂ ಬಸಣ್ಣನೂ ರಸ್ತೆಯ ನಡುವಿನಿಂದ ಟೇಪು ಎಳೆದೆವು. ಟೇಪಿನ ತುದಿ ಕಟ್ಟೆಯನ್ನು ದಾಟಿ, ಮುಂದಿನ ಗೋಡೆಗೆ ಇನ್ನೊಂದು ಅಂಗೈ ಅಗಲ ಇರುವಾಗ ನಿಂತಿತು.

"ಇಲ್ಲಿಗೆ" ಎಂದೆ.

"ಇಲ್ಲಿಗೆ ಅಂದ್ರ?"

"ಒಲಿ ಹೊರಗ ಐತಿ. ಕ್ವಾಣಿ ಹೊರಗ ಐತಿ. ಗ್ವಾಡಿನೂ ಹೊರಗ." ಮುಂದಿನದನ್ನು ಹೇಳಲು ನನಗೆ ಕಷ್ಟವಾಯಿತು. "ಕಟ್ಟಿ ಹೋಗ್ತೈತಿ, ನೀಲಕ್ಕ. ಪೂರಾ."

ದಪ್ಪ ಗೆರೆ ಇದ್ದಾಗ ಕಟ್ಟೆಯ ಮಾತೇ ಯಾರ ಬಾಯಲ್ಲೂ ಬಂದಿರಲಿಲ್ಲ. ಎಲ್ಲವೂ ಹೋಗುವಾಗ ಕಟ್ಟೆಯ ಲೆಕ್ಕ ಯಾರು ಇಡುತ್ತಾರೆ? ಈಗ ಹೋಗುವುದು ಅದೊಂದೇ ಆಗಿ, ನಾನು ಅಷ್ಟು ಜಗಳವಾಡಿ ತೆಳುವಾಗಿಸಿದ ಗೆರೆಯ ಒಳಗೆ, ತಪ್ಪಿಲ್ಲದ ಅಳತೆಯಲ್ಲಿ ರಸ್ತೆಗೆ ಸೇರಿತ್ತು. ಪಾಟೀಲ ಸರ್ ಬೇರೆ ಕಡೆ ನೋಡಿದರು. ಗೆರೆಯನ್ನು ಒಂದಿಷ್ಟು ಸರಿಸಲು ಬರುತ್ತದೆಯೇ ಎಂದು ಅವಳು ಕೇಳುತ್ತಾಳೆಂದು ಕಾದೆ. ಬರುವುದಿಲ್ಲ ಎಂಬ ಉತ್ತರವನ್ನೂ ಹಿಡಿದುಕೊಂಡಿದ್ದೆ.

ನೀಲವ್ವ ಕೇಳಲಿಲ್ಲ. ಟೇಪಿನ ತುದಿ ಇದ್ದ ಜಾಗವನ್ನು ನೋಡಿದಳು, ತಿರುಗಿ ಬಾಗಿಲೊಳಗೆ ಒಲೆಯ ಕಡೆ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು, ಬ್ಯಾಡಗಿಯ ಮಳಿಗೆಯವನಿಗೆ ಫೋನ್ ಹಚ್ಚಿ, "ನಾ ಬರಂಗಿಲ್ರಿ, ಬ್ಯಾರೆಯವ್ರಿಗೆ ಕೊಡ್ರಿ" ಎಂದಳು. ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತಿದ್ದವರ ಎದುರು ನಿಂತು ಚಪ್ಪಾಳೆ ತಟ್ಟಿದಳು.

"ಏಳ್ರಪ್ಪಾ, ಏಳ್ರಿ. ತಾಟು ತಗೊಂಡು ಒಳಗ ಬರ್ರಿ. ರಸ್ತಾದಾಗ ಕುಂತೀರಿ."